ಚೀಟಿ ಇಲ್ಲದ ಮಾಲು

ಕತ್ತಿನ ಮೇಲೆ ಕುಡುಗೋಲು!

"ಅಲ್ಲಾಡಿದ್ರೆ ಸೀಳ್ಬಿಡ್ತೀನಿ!" ಅಂದ ಕದಿರೇಶ್.

ನಾನು ಅಲ್ಲಾಡಲಿಲ್ಲ. ಕುಡುಗೋಲಿಗೆ ಮಾವಿನ ಸೊನೆ ಹತ್ತಿ ಕಪ್ಪಗಾಗಿತ್ತು. ಇಂಥದ್ದು ನೀಟಾಗಿ ಕೊಯ್ಯಲ್ಲ, ಹರಿಯುತ್ತೆ... ಸಾಯೋದಾದ್ರೂ ಸರಿಯಾಗಿ ಸಾಯೋಣ ಅಂದ್ರೆ ಅದಕ್ಕೂ ಕಲ್ಲು ಹಾಕಿದ್ದ ನನ್ಮಗ.

ಮುಳಬಾಗಿಲು ಬೈಪಾಸ್ ಪಕ್ಕ, ಮಾವಿನ ವ್ಯಾಪಾರಿ ಕದಿರೇಶನ ಗೋಡೌನು. ಮಧ್ಯಾಹ್ನ ಎರಡು ಗಂಟೆ. ತಲೆ ಮೇಲೆ ಕಾದ ಶೀಟು. ಸುತ್ತ ಎಲ್ಲಿ ನೋಡಿದ್ರೂ ಕ್ರೇಟು. ಒಂದೇ ಒಂದು ಕ್ರೇಟಿಗೆ ಗೋಣಿ ಹೊದಿಸಿದ್ರು. ಅದರೊಳಗಿಂದ ಸಣ್ಣಗೆ ಕೀಚ್ ಅಂತ ಸದ್ದು.

ನಾನು ಹುಡುಕ್ತಾ ಇದ್ದಿದ್ದು ಅದನ್ನೇ.

ಕಾಡುಪಾಪ ಸಾರ್! ಗೌನಿಪಲ್ಲಿ ಕಡೆ ದೇವಾಂಗ ಪಿಲ್ಲಿ ಅಂತಾರೆ. ಗೇಣುದ್ದ ಪ್ರಾಣಿ, ಮುಖದ ತುಂಬ ಕಣ್ಣು. ಹಗಲೆಲ್ಲ ಮುದುಡಿಕೊಂಡು ನಿದ್ದೆ ಹೊಡೆಯುತ್ತೆ, ಕತ್ತಲಾದ್ರೆ ಹುಳ ಹಿಡ್ಕೊಂಡು ತಿನ್ನುತ್ತೆ. ಯಾರ ತಂಟೆಗೂ ಹೋಗಲ್ಲ. ಆದ್ರೂ ಮಾಟ, ವಶೀಕರಣ ಅಂತ ಇದರ ಕಣ್ಣಿಗೂ ಮೂಳೆಗೂ ಗಿರಾಕಿಗಳಿದ್ದಾರೆ. ಥೂ!

ನನ್ನ ಹೆಸರು ನಿಶಾತ್. ಗೂಡ್ಸ್ ಗಾಡಿ ಓಡಿಸ್ತೀನಿ. ಘಟ್ಟದ ಮಳೆಕಾಡಿಂದ ಕದ್ದ ಸಿಂಗಳೀಕ, ಮಂಗಟ್ಟೆ ಹಕ್ಕಿ, ಏನೇ ಆಗಲಿ ಈ ಹೈವೇ ಮೇಲೆ ಹೋದ್ರೆ ನಂಗೆ ಸುದ್ದಿ ಬರುತ್ತೆ. ತಡೀತೀನಿ. ಫಾರೆಸ್ಟಿನವರಿಗೆ ಒಪ್ಪಿಸ್ತೀನಿ. ಅವರು ಹೇಳಿದ ಕಾಡಿಗೆ ನನ್ನ ಗಾಡೀಲೇ ಮುಟ್ಟಿಸ್ತೀನಿ. ಆರು ವರ್ಷದಿಂದ ಇದೇ ಕೆಲಸ.

ಈ ಕಾಡುಪಾಪನ್ನ ಫೆಬ್ರವರೀಲಿ ಲಕ್ಕೂರು ಹತ್ರ ಒಬ್ಬ ಮಂತ್ರವಾದಿ ಮನೆಯಿಂದ ಬಿಡಿಸಿದ್ದೆ. ಹೊಟ್ಟೇಲಿ ಮರಿ ಇತ್ತು. ಗೌನಿಪಲ್ಲಿ ಆಚೆ ದೊಡ್ಡವೆಂಕಟಪ್ಪನ ತೋಪಲ್ಲಿ ಬಿಟ್ವಿ. ಸುಮ್ನೆ ಬಿಡಲಿಲ್ಲ... ಊರವರು ಒಪ್ಪದೆ ಪ್ರಾಣಿ ಬಿಟ್ರೆ ಅದು ಬಿಟ್ಟಂಗಲ್ಲ, ಬಿಸಾಡಿದಂಗೆ. ಅದು ಫಾರೆಸ್ಟಿನವರ ಹತ್ರ ಇದ್ದ ಎರಡು ತಿಂಗಳು ನಾನು ಊರಲ್ಲೇ ಕೂತು ಮಾತಾಡಿದ್ದೆ. ದೊಡ್ಡವೆಂಕಟಪ್ಪ ಹೂಂ ಅಂದ. ಬಚ್ಚಮ್ಮ ಅನ್ನೋ ಗಟ್ಟಿಗಿತ್ತಿ ಹತ್ತು ಹೆಂಗಸರನ್ನ ಕಟ್ಟಿಕೊಂಡು ಪಾಳಿ ಮೇಲೆ ಕಾವಲಿಗೆ ನಿಂತಳು. ಊರವರು ಬೇಲಿ ಕಡೀಲಿಲ್ಲ, ನಾಯಿ ಬಿಡಲಿಲ್ಲ. ಮೂರು ವಾರದ ಹಿಂದೆ ಅವಳಿ ಮರಿ ಆದವು!

ನಿನ್ನೆ ಮರಿಗಳನ್ನ ಕೊಂಬೆ ಮೇಲೆ ಬಿಟ್ಟು ಹುಳಕ್ಕೆ ಹೋದ ತಾಯಿ ವಾಪಸ್ ಬರಲಿಲ್ಲ. ಕದಿರೇಶ್ ಗೋಡೌನಲ್ಲಿದೆ ಅಂತ ಇವತ್ತು ಸುದ್ದಿ ಬಂತು, ಒಬ್ಬಳೇ ನುಗ್ಗಿದೆ.

ಈಗ ನನ್ನ ಫೋನ್ ಬಡ್ಕೊಂಡಿತು. ಪೊಲೀಸೇನೋ ಅಂತ ಕದಿರೇಶ್ ಕಿತ್ಕೊಂಡು ಸ್ಪೀಕರ್ ಒತ್ತಿದ. ಬಚ್ಚಮ್ಮ!

"ಅಮ್ಮಾ ನಿಶಾತೂ! ಮರಿಗಳು ಪಾಲು ತಾಗ್ತಾ ಇಲ್ಲ, ಹಾಲೇ ಕುಡೀತಿಲ್ಲ ಕಣೇ! ಮೇಕೆ ಹಾಲಲ್ಲಿ ಬತ್ತಿ ಅದ್ದಿ ಇಟ್ರೂ ಬಾಯಿ ಬಿಡ್ತಿಲ್ಲ. ಒಂದು ಆಗ್ಲೇ ತಣ್ಣಗಾಗ್ತಾ ಐತೆ... ಹೊತ್ತು ಮುಳುಗೋದ್ರೊಳಗೆ ತಾಯಿ ಬರ್ಲಿಲ್ಲ ಅಂದ್ರೆ ಎರಡೂ ಹೋಗ್ತಾವೆ!"

ಕದಿರೇಶ್ ಫೋನ್ ಆರಿಸಿ ನೆಲಕ್ಕೆ ಎಸೆದ. ನಕ್ಕ.

"ಕಳ್ಳ ಅಂತ ನನ್ನ ನೋಡ್ಬೇಡಮ್ಮ. ನಾನು ಕದ್ದಿಲ್ಲ. ತೋಪಿಗೆ ಹುಸೇನ್ ಸಾಬ್ ಇಟ್ಟಿರೋ ಕಾವಲುಗಾರನೇ ತಂದು ಕೊಟ್ಟ."

"ಯಾವ ಹುಸೇನ್ ಸಾಬ್?"

"ಶ್ರೀನಿವಾಸಪುರಕ್ಕೆ ಇರೋದೇ ಒಬ್ಬ ಹುಸೇನ್ ಸಾಬ್. ನಿಮ್ಮಪ್ಪ!"

ನಮ್ಮಪ್ಪ, ಅಂದ್ರೆ ನಮ್ಮ ಅಬ್ಬಾ, ಮಾವಿನ ಗುತ್ತಿಗೆದಾರ ಸಾರ್.

ನಮ್ಮ ಕಡೆ ಪದ್ಧತಿ ಹೇಳ್ತೀನಿ ಕೇಳಿ. ಮರ ರೈತಂದು. ಫಸಲು ಮಾತ್ರ ಗುತ್ತಿಗೆದಾರಂದು. ಹೂ ಬಿಟ್ಟಾಗ ತೋಪು ಹಿಡಿದ್ರೆ, ಕೊನೇ ಕಾಯಿ ಇಳಿಯೋವರೆಗೂ ಮರದ ಮೇಲಿರೋದಕ್ಕೆಲ್ಲ ಅವನೇ ಯಜಮಾನ. ಅವನ ಚೀಟಿ ಇಲ್ಲದೆ ಒಂದು ಉದುರುಗಾಯಿ ಕೂಡ ತೋಪು ದಾಟಲ್ಲ. ಮಾಲೀಕ ಕೂಡ ಕೇಳಿಯೇ ಕೀಳಬೇಕು.

ಆ ತೋಪಿನ ಗುತ್ತಿಗೆ ನಮ್ಮ ಅಬ್ಬಾಂದು. ನಂಗೆ ಗೊತ್ತಿತ್ತು. ಗುತ್ತಿಗೆದಾರನ ಮಗಳು ನಾನು, ಕ್ರೇಟಿನ ಮೇಲೆ ಮಲಗಿ ಬೆಳೆದವಳು... ಗೊತ್ತಿಲ್ಲದೆ ಇರುತ್ತಾ? ಗೊತ್ತಿದ್ದೇ ಕೇಳಲಿಲ್ಲ. ಊರಿಗೆಲ್ಲ ಕೈ ಮುಗಿದೆ, ಅಬ್ಬಾನ ಬಾಗಿಲಿಗೆ ಮಾತ್ರ ಹೋಗಲಿಲ್ಲ.

ಯಾಕಂದ್ರೆ ಆರು ವರ್ಷದ ಹಿಂದೆ, ಅಬ್ಬಾ ಕಾಯಿಗೆ ಕಾರ್ಬೈಡ್ ಇಟ್ಟು ಹಣ್ಣು ಮಾಡ್ತಾರೆ ಅಂತ ಆಫೀಸರ್‌ಗೆ ಸುಳಿವು ಕೊಟ್ಟಿದ್ದು ನಾನೇ. ಆವತ್ತಿಂದ ಮಾತಿಲ್ಲ, ಕತೆಯಿಲ್ಲ.

"ಏನ್ ಯೋಚ್ನೆ?" ಅಂದ ಕದಿರೇಶ್. ಕುಡುಗೋಲು ಒಂದು ಬೆರಳಷ್ಟು ಸಡಿಲ ಆಯ್ತು.

ಒಂದು ಬೆರಳು ಸಾಕು!

ಹಿಂದಿದ್ದ ಕ್ರೇಟಿನ ಸಾಲಿಗೆ ಒದ್ದೆ. ಅಡಿ ಕ್ರೇಟು ಜಾರಿತು... ಹನ್ನೆರಡು ಕ್ರೇಟು ತೋತಾಪುರಿ ಅವನ ಹೆಗಲ ಮೇಲೆ! ಕುಡುಗೋಲು ನನ್ನ ಕಿವಿ ಗೀರಿ ಹೋಯ್ತು. ಬಿಸಿ ರಕ್ತ. ಫೋನ್ ಎತ್ಕೊಂಡು ಗೋಣಿ ಕ್ರೇಟಿನ ಕಡೆ ಹಾರಿದೆ.

ಕಾಲ ಕೆಳಗೆ ಕಾಯಿ ಉರುಳಿತು. ದಬ್ ಅಂತ ಬಿದ್ದೆ.

ಏಳೋ ಅಷ್ಟರಲ್ಲಿ ಕದಿರೇಶ್ ಕ್ರೇಟ್ ಎತ್ಕೊಂಡು ಪಿಕಪ್ ಹತ್ತಿದ್ದ!

ನನ್ನ ಗಾಡೀಲಿ ಬೆನ್ನು ಹತ್ತಿದೆ. ಅವನು ನಂಗಲಿ ಕಡೆ ತಿರುಗಿಸಿದ. ನಂಗಲಿ ದಾಟಿದ್ರೆ ಆಂಧ್ರ. ಆಮೇಲೆ ದೇವರೇ ಗತಿ. ಒಂದು ಕೈಲಿ ಸ್ಟೇರಿಂಗ್, ಒಂದು ಕೈಲಿ ಫೋನ್. ಫಾರೆಸ್ಟಿನವರು ಎತ್ತಿದ್ರು.

"ಬರ್ತಿದೀವಿ ಮೇಡಂ! ಕೋಲಾರದಲ್ಲಿದ್ದೀವಿ, ಒಂದು ಗಂಟೆ ಆಗುತ್ತೆ."

ಒಂದು ಗಂಟೆ! ಬಾರ್ಡರ್‌ಗೆ ಹದಿನೈದು ನಿಮಿಷ!

ನನ್ನ ಗಾಡಿ ಎಂಬತ್ತಕ್ಕೆ ನಡುಗೋಕೆ ಶುರು ಮಾಡುತ್ತೆ. ಅವನು ನೂರು ದಾಟಿದ್ದ. ಬಿಳಿ ಪಿಕಪ್ ಸಣ್ಣದಾಗ್ತಾ ಹೋಯ್ತು.

ಅವನನ್ನ ನಿಲ್ಲಿಸೋಕೆ ಆಗೋದು ಒಬ್ಬರಿಗೇ. ಅದು ನಂಗೆ ಗೋಡೌನಲ್ಲೇ ಹೊಳೆದಿತ್ತು. ಆದ್ರೂ ಫೋನ್ ತೊಡೆ ಮೇಲೆ ಇಟ್ಕೊಂಡು ಗಾಡಿ ಓಡಿಸಿದೆ... ಒಂದು ಕಿಲೋಮೀಟರ್. ಎರಡು. ಐದು! ನನ್ನ ಕೊಬ್ಬು ನೋಡಿ ಸಾರ್. ಅಲ್ಲಿ ಮರಿ ತಣ್ಣಗಾಗ್ತಿತ್ತು, ಇಲ್ಲಿ ನಾನು ಮರ್ಯಾದೆ ಹಿಡ್ಕೊಂಡು ಕೂತಿದ್ದೆ.

ಕೊನೆಗೆ ಒತ್ತಿದೆ. ಒಂದೇ ರಿಂಗಿಗೆ ಎತ್ತಿದ್ರು.

"ಬೋಲ್."

"ಅಬ್ಬಾ... ನಾನು."

"ಗೊತ್ತು. ಕ್ಯಾ ಹೋನಾ, ಏನ್ ಬೇಕು?"

"ತೋಪಲ್ಲಿ ಕಾಡುಪಾಪ ಬಿಟ್ಟಿದ್ದೆ. ನಿಮ್ಮನ್ನ ಕೇಳಬೇಕಿತ್ತು. ಕೇಳಲಿಲ್ಲ. ತಪ್ಪಾಯ್ತು."

ಆಕ್ಸಿಲರೇಟರ್ ತುಳಿದು ಮುಂದಿನದನ್ನೂ ಹೇಳಿದೆ.

"ನಿಮ್ಮ ಮರದ ಮೇಲಿದ್ದಿದ್ದು ಕದಿರೇಶ್ ಗಾಡೀಲಿ ಬಾರ್ಡರ್ ದಾಟ್ತಿದೆ. ನೀವು ಚೀಟಿ ಕೊಟ್ಟಿದ್ದೀರಾ?"

"ಕ್ಯಾ?" ಅಬ್ಬಾ ಗುಡುಗಿದ್ರು. "ಯಾವ ಚೀಟಿ? ನಾನು ಮಾರಿಲ್ಲ!"

"ಹಾಗಾದ್ರೆ ನಿಲ್ಲಿಸಿ ಅಬ್ಬಾ!"

ಲೈನ್ ಕಟ್.

ಮಾವಿನ ಸೀಸನ್ನಲ್ಲಿ ನಂಗಲಿ ರೋಡ್ ನೋಡಿದ್ದೀರಾ? ಟೀ ಅಂಗಡಿ ಮುಂದೆ ಲಾರಿ ಮೇಲೆ ಲಾರಿ. ಅದರಲ್ಲಿ ಅರ್ಧ ಡ್ರೈವರ್‌ಗಳು ಹುಸೇನ್ ಸಾಬ್ ಲೋಡ್ ಹೊತ್ತವರೇ, ಅಬ್ಬಾನ ಒಂದು ಫೋನ್ ಸಾಕು. ಚೀಟಿ ಇಲ್ಲದ ಮಾಲು ಅಂದ್ರೆ ಅವರಿಗೆ ಕಳ್ಳತನ. ಇವತ್ತು ಅದನ್ನ ಬಿಟ್ರೆ ನಾಳೆ ಅವರ ಲೋಡಿಗೂ ಅದೇ ಗತಿ.

ನಾನು ಹೋಗೋ ಹೊತ್ತಿಗೆ ರಸ್ತೆಗೆ ಅಡ್ಡ ಎರಡು ಲಾರಿ ನಿಂತಿದ್ವು. ನಡುವೆ ಬಿಳಿ ಪಿಕಪ್. ಸುತ್ತ ಇಪ್ಪತ್ತು ಜನ.

ಕದಿರೇಶ್ ಕ್ರೇಟ್ ತಲೆ ಮೇಲೆ ಎತ್ತಿ ಹಿಡಿದಿದ್ದ.

"ಯಾರಾದ್ರೂ ಹತ್ರ ಬಂದ್ರೆ ನೆಲಕ್ಕೆ ಬಡೀತೀನಿ!"

ಎಲ್ಲ ನಿಂತ್ರು. ನಾನು ಒಬ್ಬಳೇ ಮುಂದೆ ಹೋದೆ.

"ಬಡಿ. ಹುಸೇನ್ ಸಾಬ್ ಮಾಲು ಅದು. ಬಡಿದ ಮೇಲೆ ನಿನ್ನ ಕಾಯಿ ಯಾವ ಮಂಡೀಲಿ ಇಳಿಯುತ್ತೆ? ಯಾವ ಲಾರಿ ಹೊರುತ್ತೆ? ಕೇಳು ಇವರನ್ನ!"

ಒಬ್ಬ ಡ್ರೈವರ್ ಅವನ ಕಾಲ ಹತ್ರ ಉಗಿದ. ಕದಿರೇಶ್ ಆ ಇಪ್ಪತ್ತು ಮುಖಾನೂ ನೋಡಿದ. ಮೆಲ್ಲಗೆ ಕ್ರೇಟ್ ಇಳಿಸಿದ.

ಗೋಣಿ ಸರಿಸಿದೆ. ಎರಡು ದೊಡ್ಡ ಕಣ್ಣು. ಬೆರಳು ಚಾಚಿದ್ರೆ ಹಿಡ್ಕೊಳ್ಳುತ್ತೆ ಅಂತ ಗೊತ್ತು. ಚಾಚಲಿಲ್ಲ. ಕಾಡಿಗೆ ಹೋಗೋ ಪ್ರಾಣಿಗೆ ನಮ್ಮ ಕೈ ರೂಢಿ ಆಗಬಾರದು.

ಫಾರೆಸ್ಟಿನವರು ಬಂದು ಕದಿರೇಶನ್ನ ಜೀಪಿಗೆ ಹಾಕಿದ್ರು. ಒಬ್ಬ ಗಾರ್ಡ್ ನನ್ನ ಗಾಡಿ ಹತ್ತಿದ. ಆರು ಗಂಟೆಗೆ ತೋಪು ಮುಟ್ಟಿದ್ವಿ.

ಬಚ್ಚಮ್ಮ ಮರದ ಬುಡದಲ್ಲಿ ಕೂತಿದ್ದಳು. ಪಕ್ಕದಲ್ಲಿ ಬಿಳಿ ಟೋಪಿ ಹಾಕ್ಕೊಂಡು ಅಬ್ಬಾ. ಗಡ್ಡ ಪೂರ್ತಿ ನರೆತಿತ್ತು.

ಬಚ್ಚಮ್ಮ ಮಡಿಲಲ್ಲಿ ಮಡಚಿದ್ದ ಸೆರಗು ಬಿಡಿಸಿದಳು. ಒಂದು ಮರಿ ಕಾಲಾಡಿಸ್ತಿತ್ತು. ಇನ್ನೊಂದು ಅಲ್ಲಾಡಲಿಲ್ಲ.

"ಈಗ... ಅರ್ಧ ಗಂಟೆ ಆಯ್ತು ತಲ್ಲೀ," ಅಂದಳು. ಆ ಗಟ್ಟಿಗಿತ್ತಿ ಅಳ್ತಿದ್ದಳು.

ಉಸಿರಿದ್ದ ಮರಿಯನ್ನ ಕೊಂಬೆಗಿಟ್ಟು ಕ್ರೇಟ್ ತೆಗೆದ್ವಿ. ತಾಯಿ ಹತ್ತಿತು. ಮೂಸಿತು. ಮರಿ ಹೊಟ್ಟೆಗೆ ಅಂಟ್ಕೊಂಡಿತು. ಆಮೇಲೆ ತಾಯಿ ಆ ಕೊಂಬೆ, ಈ ಕೊಂಬೆ ಹುಡುಕಿತು... ಎಷ್ಟು ಹೊತ್ತು ಹುಡುಕಿತು ಅಂತ ಕೇಳ್ಬೇಡಿ ಸಾರ್. ನಂಗೆ ನೋಡೋಕಾಗಲಿಲ್ಲ.

ಗಾರ್ಡ್ ಸತ್ತ ಮರಿಯನ್ನ ಬಟ್ಟೇಲಿ ಸುತ್ತಿ ಪೆಟ್ಟಿಗೇಲಿ ಇಟ್ಟ. ಪುಸ್ತಕ ತೆಗೆದ.

"ತಾಯಿಯನ್ನ ಮರದಿಂದ ತೆಗೆದಿದ್ದು ಯಾರು?"

"ಕಾವಲುಗಾರ," ಅಂದೆ.

"ನಾನು," ಅಂದ್ರು ಅಬ್ಬಾ. "ಹಿಡಿದು ಬುಟ್ಟಿ ಮುಚ್ಚಿ ಶೆಡ್ಡಲ್ಲಿಡು ಅಂತ ಅವನಿಗೆ ನಾನೇ ಅಂದಿದ್ದೆ. ಆ ಹರಾಮಿ ಮಾರಿದ. ಮರಿ ಇರೋದು ನಂಗೆ ಗೊತ್ತಿರ್ಲಿಲ್ಲ. ಅದನ್ನ ಬಿಟ್ಟಿದ್ದು ನೀನು ಅಂತ ಗೊತ್ತಿತ್ತು."

"ಗೊತ್ತಿದ್ದೂ ಯಾಕೆ ಅಬ್ಬಾ?"

ಟೋಪಿ ತೆಗೆದು ಕೈಲಿ ಹಿಡ್ಕೊಂಡ್ರು.

"ಅದನ್ನ ಕೇಳೋಕಾದ್ರೂ ನನ್ನ ಹತ್ರ ಬರ್ತೀಯ ಅಂತ."

ಗಾರ್ಡ್ ಬರೆಯೋದು ನಿಲ್ಲಿಸಿ ನನ್ನ ಮುಖ ನೋಡಿದ. ನಾನು ಕಿವಿ ರಕ್ತ ಒರೆಸ್ಕೊಂಡೆ. ಬೈಯೋಕೆ ಬಾಯಿ ತೆಗೆದೆ. ನಂಗಲಿ ರೋಡಲ್ಲಿ ತೊಡೆ ಮೇಲೆ ಸುಮ್ನೆ ಇಟ್ಕೊಂಡಿದ್ದ ಫೋನ್ ನೆನಪಾಯ್ತು. ಬೈಯಲಿಲ್ಲ.

"ಇನ್ಮೇಲೆ ಫೋನ್ ಮಾಡಿ ಅಬ್ಬಾ," ಅಂದೆ. "ನಾನು ಎತ್ತಲಿಲ್ಲ ಅಂದ್ರೂ ಯಾರೂ ಸಾಯಲ್ಲ."