ಮಡಿಲಲ್ಲಿದ್ದ ನಾಯಿ

ಡೆಲ್ಫ್ಟ್ ಠಾಣೆಗೆ ದೂರು ಬಂದದ್ದು 2022ರ ಮಾರ್ಚ್ 29, ಮಂಗಳವಾರ, ಬೆಳಿಗ್ಗೆ 10.20ಕ್ಕೆ. ದೂರುದಾರ ರೂಲೊಫ್ ಬೈವಾಂಕ್, ಕಾಲುವೆ ದಡದ ಸಣ್ಣದೊಂದು ಚಿತ್ರಶಾಲೆಯ ನಿರ್ದೇಶಕ. ಸೈಕಲ್ಲಿಗೆ ಬೀಗ ಹಾಕುವುದನ್ನೂ ಮರೆತು ಒಳಗೆ ಬಂದಿದ್ದ. ಈ ಊರಿನಲ್ಲಿ ಸೈಕಲ್ಲಿನ ಬೀಗ ಮರೆತವನ ಸಂಕಟ ಸಣ್ಣದಿರಲಾರದು ಎಂದುಕೊಂಡು ಇನ್‌ಸ್ಪೆಕ್ಟರ್ ವೀಬ್ರೆನ್ ಹೋಕ್ಸ್ತ್ರಾ ಕುರ್ಚಿ ತೋರಿಸಿದ.

“ಚಿತ್ರ ಕಳುವಾಯ್ತಾ?”

“ಇಲ್ಲ. ಗೋಡೆ ಮೇಲೇ ಇದೆ.”

“ಹರಿದಿದಾರಾ?”

“ಇಲ್ಲ. ಯಾರೋ ನಾಯೀನ ಒರೆಸ್ತಾ ಇದಾರೆ.”

ಕಾನ್‌ಸ್ಟೇಬಲ್ ಟೆಮ್ಮಿಂಗ್ ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದಳು. “ನಾಯಿ ಅಂತಾನೇ ಬರ್ಕೊಳ್ಳಾ, ಸರ್?”

“ಅವರು ಹೇಳಿದ್ದನ್ನ ಬರ್ಕೊಮ್ಮ.”

11.15ಕ್ಕೆ ಸ್ಥಳ ಪಂಚನಾಮೆ ನಡೆಯಿತು. ಮೂರನೆಯ ಕೋಣೆಯಲ್ಲಿ, 1658ರಲ್ಲಿ ಲ್ಯಾಂಬರ್ಟ್ ಕ್ರಾಯ್ ಬರೆದ ಚಿತ್ರ, ಎರಡು ಗೇಣು ಅಗಲದ್ದು. ಕಿಟಕಿಯ ಪಕ್ಕ ಕುಳಿತ ಹೆಂಗಸು ಅವನ ಹೆಂಡತಿಯೇ. ಅವಳ ಮಡಿಲಲ್ಲಿ ಕಂದು ನಾಯಿ. ನಾಯಿಯ ತಲೆ ಇರಬೇಕಾದಲ್ಲಿ ಹೆಬ್ಬೆರಳಗಲದ ಜಾಗ ಬೆಳ್ಳಗಾಗಿತ್ತು. ಅಲ್ಲಿ ಮಗುವೊಂದರ ಮುಚ್ಚಿದ ರೆಪ್ಪೆ, ಮೂಗು, ನೀಲಿಗಟ್ಟಿದ ತುಟಿ ಕಾಣುತ್ತಿದ್ದವು.

“ಕ್ರಾಯ್ ಬರೆದಿದ್ದು ನಾಯಿ ಅಲ್ಲ,” ಎಂದ ಬೈವಾಂಕ್. “ಸತ್ತು ಹುಟ್ಟಿದ ಅವನ ಮಗು. ಚರ್ಚಿನ ಪುಸ್ತಕದಲ್ಲಿ ‘ಚಿತ್ರಗಾರ ಕ್ರಾಯ್‌ನ ಒಂದು ಮಗು, ಹೂಳಲಾಯಿತು’ ಅಂತಿದೆ, ಹೆಸರಿಲ್ಲ. ಇನ್ನೂರು ವರ್ಷ ಆದ್ಮೇಲೆ ಯಾವನೋ ವ್ಯಾಪಾರಿ, ಹೆಣ ಇರೋ ಚಿತ್ರ ಯಾರು ಕೊಳ್ತಾರೆ ಅಂತ ಅದರ ಮೇಲೆ ನೀರುಬಣ್ಣದಲ್ಲಿ ನಾಯಿ ಬರೆಸಿದ. ಹೋದ ವರ್ಷ ಎಕ್ಸ್‌ರೇ ತೆಗೆಸಿದಾಗ ಗೊತ್ತಾಯ್ತು.”

“ಮತ್ತೆ ನೀವೇ ಯಾಕೆ ಒರೆಸ್ಲಿಲ್ಲ?”

“ಸಮಿತಿ ನಾಲ್ಕು ಸಲ ಕೂತ್ಕೊಳ್ತು. ನಾಯೀಗೂ ಈಗ ವಯಸ್ಸಾಗಿದೆ, ಅದೂ ಇತಿಹಾಸ, ಇರ್ಲಿ ಬಿಡಿ ಅಂದ್ರು. ಏಪ್ರಿಲ್ ನಾಲ್ಕಕ್ಕೆ ಚಿತ್ರ ಜಪಾನಿಗೆ ಹೊರಡ್ಬೇಕಿತ್ತು, ಎರಡು ವರ್ಷದ ಪ್ರದರ್ಶನಕ್ಕೆ.”

“ಯಾವುದ್ರಲ್ಲಿ ಒರೆಸಿದಾರೆ?”

“ಎಂಜಲಲ್ಲಿ.” ಬೈವಾಂಕ್ ನಾಚಿಕೊಳ್ಳಲಿಲ್ಲ. “ನಮ್ಮ ಕಸುಬಲ್ಲಿ ಎಲ್ಲರೂ ಹಾಗೇ ಮಾಡೋದು. ಹತ್ತಿಕಡ್ಡಿ ಬಾಯಲ್ಲಿ ಒದ್ದೆ ಮಾಡ್ಕೊಂಡು ಮೆಲ್ಲಗೆ ಒರೆಸೋದು. ಇವರ ಕೈ ಚೆನ್ನಾಗಿದೆ ಸರ್. ಕ್ರಾಯ್‌ನ ಬಣ್ಣ ಒಂದು ಚೂರೂ ಎದ್ದಿಲ್ಲ.”

ಎಫ್‌ಐಆರ್ ದಾಖಲಾಯಿತು. ಚಿತ್ರದ ಪ್ರಯಾಣ ರದ್ದಾಯಿತು. ಟೆಮ್ಮಿಂಗ್ ಎರಡು ದಿನ ಕುಳಿತು, ಪ್ರವಾಸಿಗರು ತೆಗೆದಿದ್ದ ಫೋಟೋಗಳನ್ನು ತಾರೀಖಿನ ಪ್ರಕಾರ ಜೋಡಿಸಿದಳು. ಮಾರ್ಚ್ 8ರವರೆಗೆ ನಾಯಿ ಸರಿಯಾಗಿತ್ತು. 9ರ ಬುಧವಾರ ಸಂಜೆ ಅದರ ಕಿವಿಯ ಹತ್ತಿರ ಉದ್ದಿನಕಾಳಿನಷ್ಟು ಬಿಳುಪು. ಆಮೇಲೆ ಕೆಲವು ಬುಧವಾರ, ಶನಿವಾರಗಳಲ್ಲಿ ಅದು ಬೆಳೆದಿತ್ತು. ಇಪ್ಪತ್ತು ದಿನ ಯಾರ ಕಣ್ಣಿಗೂ ಬೀಳಲಿಲ್ಲ. ಜನ ಚಿತ್ರದ ಫೋಟೋ ತೆಗೆಯುತ್ತಾರೆ, ಚಿತ್ರ ನೋಡುವುದಿಲ್ಲ.

ಏಪ್ರಿಲ್ 5ಕ್ಕೆ ಪ್ರಯೋಗಾಲಯದ ವರದಿ ಬಂತು. ಎಂಜಲು ಒಬ್ಬ ಹೆಂಗಸಿನದು. ಚಿತ್ರಶಾಲೆಯ ಮೂವರು ಮಹಿಳಾ ನೌಕರರೂ ತಕರಾರಿಲ್ಲದೆ ಮಾದರಿ ಕೊಟ್ಟರು. ಯಾರದೂ ಹೊಂದಲಿಲ್ಲ. ಕೋಣೆ ಖಾಲಿ ಇದ್ದಾಗಲೇ ಇದು ನಡೆದಿರಬೇಕು ಎಂದು ಮೂವರೂ ಹೇಳಿದರು.

“ಸರ್, ಖಾಲಿ ಅಂತಾರಲ್ಲ, ಮೂಲೇಲಿ ಒಂದು ಕುರ್ಚಿ ಇತ್ತು,” ಎಂದಳು ಟೆಮ್ಮಿಂಗ್. “ಅದ್ರಲ್ಲಿ ಕೂರೋರು ಯಾರು?”

ಕೂರುತ್ತಿದ್ದವರು ಕಾವಲಿನ ಅಜ್ಜಿಯರು. ಸಂಬಳವಿಲ್ಲದ ಸೇವೆಯಾದ್ದರಿಂದ ನೌಕರರ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಬುಧವಾರ, ಶನಿವಾರಗಳನ್ನು ಮೂವರು ಅಜ್ಜಿಯರು ಫೋನಿನಲ್ಲೇ ಹಂಚಿಕೊಳ್ಳುತ್ತಿದ್ದರು. ಯಾವ ದಿನ ಯಾರು ಕೂತರು ಎಂಬುದಕ್ಕೆ ದಾಖಲೆ ಇರಲಿಲ್ಲ.

ಏಪ್ರಿಲ್ 7, ಗುರುವಾರ. ಮೊದಲ ಎರಡು ಮನೆಗಳಲ್ಲಿ ಕಾಫಿ, ತಲೆಗೊಂದು ಬಿಸ್ಕತ್ತು ಸಿಕ್ಕಿತು, ಬೇರೇನೂ ಸಿಗಲಿಲ್ಲ. ಮೂರನೆಯ ಮನೆಗೆ ಹೋದಾಗ 11.40. ಅಲೈಡಾ ಸ್ಟ್ರೋಯಿಂಕ್, ಎಪ್ಪತ್ತಾರು ವರ್ಷ, ವಿಧವೆ. ಕಿಟಕಿಗೆ ಪರದೆ ಎಳೆದಿರಲಿಲ್ಲ. ಬೀದಿಯಲ್ಲಿ ಹೋಗುವ ಯಾರು ಬೇಕಾದರೂ ಮನೆಯನ್ನು ಹಿತ್ತಿಲವರೆಗೆ ನೋಡಬಹುದಿತ್ತು.

“ಮಕ್ಕಳು?” ನಮೂನೆ ತುಂಬುತ್ತ ಟೆಮ್ಮಿಂಗ್ ಕೇಳಿದಳು.

“ಇಲ್ಲಮ್ಮ.”

“ಮಾರ್ಚ್ ಒಂಬತ್ತರಂದು ಕಾವಲಿಗೆ ಕೂತಿದ್ದು ಯಾರು?”

“ನೆನಪಿಲ್ಲ. ಕಾಫಿ ತಣ್ಣಗಾಗುತ್ತೆ, ಕುಡೀರಿ.”

ಮೂರು ಮನೆಯ ಕಾಫಿ ಕುಡಿದ ಹೋಕ್ಸ್ತ್ರಾ ಶೌಚಾಲಯ ಎಲ್ಲಿ ಎಂದು ಕೇಳಿಕೊಂಡು ಹೋದ. ಆ ಊರಿನ ಎಲ್ಲರ ಮನೆಯ ಶೌಚಾಲಯದಂತೆ ಅಲ್ಲೂ, ನೆಂಟರಿಷ್ಟರು ಹುಟ್ಟಿದ ದಿನ ಬರೆದಿಡುವ ಕ್ಯಾಲೆಂಡರು ತೂಗುಹಾಕಿತ್ತು. ಏಪ್ರಿಲ್ ಬಂದು ವಾರವಾದರೂ ಅದು ಮಾರ್ಚ್‌ನಲ್ಲೇ ನಿಂತಿತ್ತು. ನಾದಿನಿ, ತಂಗಿ, ಪಕ್ಕದ ಮನೆಯವರ ಹೆಸರು, ಎದುರಿಗೆ ಹುಟ್ಟಿದ ವರ್ಷ. ಒಂಬತ್ತರ ಮುಂದೆ ಮಾತ್ರ ಹೆಸರಿರಲಿಲ್ಲ. ‘ಮಗು, 1968’ ಎಂದಷ್ಟೇ ಇತ್ತು. ಕೈತೊಳೆಯುವಲ್ಲಿ ಹತ್ತಿಕಡ್ಡಿಗಳ ಡಬ್ಬಿ.

ಹೊರಗೆ ಬಂದು ಅವರ ಎದುರು ಕುಳಿತ. “ಮಗು ಯಾರದು, ಮೇಡಂ?”

ಅವರು ಬಿಸ್ಕತ್ತಿನ ಡಬ್ಬಿಯ ಮುಚ್ಚಳ ಒತ್ತಿ ಮುಚ್ಚಿದರು. ಸುಳ್ಳು ಹುಡುಕಲಿಲ್ಲ.

“ನನ್ನದೇ. ಉಸಿರಿರ್ಲಿಲ್ಲ. ಗಂಡು ಅಂದ್ಳು ನರ್ಸು, ಬಟ್ಟೇಲಿ ಸುತ್ತಿ ತಗೊಂಡು ಹೋದ್ಳು. ನೋಡ್ಬೇಡ, ಬೇಗ ಮರೀತೀಯ ಅಂದ್ರು ಡಾಕ್ಟ್ರು. ಆಗ ಎಲ್ಲರಿಗೂ ಹಾಗೇ ಹೇಳೋರು. ಎಲ್ಲಿ ಹೂಳಿದ್ರು ಅಂತಾನೂ ಹೇಳ್ಲಿಲ್ಲ. ನಮ್ಮೆಜಮಾನ್ರು ಆ ಮಾತೇ ಎತ್ಬೇಡ ಅಂದ್ರು. ಎತ್ಲಿಲ್ಲ.”

“ಅದಕ್ಕೆ ಚಿತ್ರ ಒರೆಸಿದ್ರಾ?”

“ಮೂರು ವರ್ಷದ ಹಿಂದೆ ಕಾನೂನು ಬಂತಲ್ಲ, ಸತ್ತು ಹುಟ್ಟಿದವನ್ನೂ ಪುರಸಭೇಲಿ ಬರೆಸ್ಬಹುದು ಅಂತ. ಹೋದೆ. ಹೆಸರೇನು ಅಂದ್ರು. ಮುಖಾನೇ ನೋಡಿಲ್ಲ, ಏನಂತ ಹೆಸರಿಡ್ಲಿ? ಎದ್ದು ಬಂದೆ.”

ಟೆಮ್ಮಿಂಗ್ ಹಾಳೆ ಮಗುಚಿ ಬರೆದುಕೊಂಡಳು.

“ಆ ಕ್ರಾಯ್ ತನ್ನ ಮಗೂನ ಕೂತ್ಕೊಂಡು ನೋಡಿ ಬರೆದಿದಾನೆ. ನಾನು ಏಳು ವರ್ಷ ಅದರೆದುರೇ ಕೂತಿದೀನಿ, ನಾಯಿ ನೋಡ್ಕೊಂಡು. ಅದರಡಿ ಮಗು ಇದೆ ಅಂತ ಹೋದ ವರ್ಷ ಎಕ್ಸ್‌ರೇ ಆದ್ಮೇಲೆ ಗೊತ್ತಾಯ್ತು. ಈಗ ಜಪಾನಿಗೆ ಹೋಗುತ್ತೆ ಅಂದ್ರು. ವಾಪಸ್ ಬರೋ ಹೊತ್ತಿಗೆ ನಾನಿರ್ತೀನಾ? ಅಂಥ ಮಗೂನ ಮುಖ ಒಂದ್ಸಲ ನೋಡ್ಬೇಕಿತ್ತು. ಮುಖದಷ್ಟೇ ಒರೆಸ್ದೆ.”

“ಎಂಜಲಲ್ಲಿ ಒರೆಸೋದು ಯಾರು ಹೇಳ್ಕೊಟ್ರು? ಬೈವಾಂಕ್ ಅವರಾ?”

“ಮಗೂನ ಮುಖ ಒರೆಸೋಕೆ ಯಾರಾದ್ರೂ ಹೇಳ್ಕೊಡ್ತಾರೇನಪ್ಪ?”

ಕೇಸು ಬಗೆಹರಿದಾಗ ಆಗುವ ಸಮಾಧಾನ ಹೋಕ್ಸ್ತ್ರಾನಿಗೆ ಆಗಲಿಲ್ಲ. ದುಃಖವೂ ಆಗಲಿಲ್ಲ. ಬಂಧಿಸಬೇಕಾಗುತ್ತದೆ ಎಂದ. ಕಪ್ಪು ತೊಳೆದಿಟ್ಟು ಬರುತ್ತೇನೆ ಎಂದರು. ತೊಳೆದರು, ಒರೆಸಿದರು, ಕೋಟು ಹಾಕಿಕೊಂಡರು. ಆಗ 12.25.

ಸ್ಟ್ರೋಯಿಂಕ್ ಅವರನ್ನು ಸಂಜೆಯೇ ಬಿಟ್ಟು ಕಳಿಸಲಾಯಿತು. ಅದಕ್ಕೆ ಮುಂಚೆ ಹೇಳಿಕೆಯನ್ನು ಓದಿ ಹೇಳಿದಾಗ ಅವರು ಒಂದು ಕಡೆ ತಡೆದರು.

“ಮಕ್ಕಳು ಇಲ್ಲ ಅಂತ ಬರ್ಕೊಂಡಿದೀಯಲ್ಲಮ್ಮ, ಅದನ್ನ ತಿದ್ಬೇಕು. ಒಂದು.”

“ಹೆಸರು?” ಅಭ್ಯಾಸಬಲದಿಂದ ಕೇಳಿಬಿಟ್ಟ ಟೆಮ್ಮಿಂಗ್ ನಾಲಗೆ ಕಚ್ಚಿಕೊಂಡಳು.

“ಯೋಸ್ಟ್,” ಎಂದರು.

ಟೆಮ್ಮಿಂಗ್ ತಿದ್ದಿದಳು. ಅವರು ಸಹಿ ಹಾಕಿದರು. ಐವತ್ತನಾಲ್ಕು ವರ್ಷದಲ್ಲಿ ಆ ಮಗುವಿನ ಹೆಸರು ಕಾಗದದ ಮೇಲೆ ಬಂದದ್ದು ಅದೇ ಮೊದಲು, ಪೊಲೀಸ್ ಕಡತದ ನಾಲ್ಕನೆಯ ಹಾಳೆಯಲ್ಲಿ.