ನೆಲ ಮುಟ್ಟದ ಹಗ್ಗ

೧೯೪೪ರ ಜನವರಿ. ಗಂಗಾವತಿ ಠಾಣೆಯ ಅಮೀನ ಯಮನೂರಸಾಬ ಅಂಗಳದ ಎಳೆಬಿಸಿಲಿಗೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ನಿಜಾಮರ ಸೀಮೆಯಲ್ಲಿ ಠಾಣೆಯ ಯಜಮಾನನಿಗೆ ಅಮೀನ ಎನ್ನುತ್ತಿದ್ದರು. ಬೆಳಿಗ್ಗೆ ಎಂಟರ ಸುಮಾರಿಗೆ ಮೊಳೆ ಬಡಿದ ಬೂಟು ಟಕಟಕ ಮಾಡುತ್ತ ಒಬ್ಬ ಸಾಹೇಬರು ಬಂದರು. ಕೈಯಲ್ಲಿ ಕೊಡಲಿಯೂ ಅಲ್ಲದ, ಗುದ್ದಲಿಯೂ ಅಲ್ಲದ ಒಂದು ಆಯುಧವಿತ್ತು.

"ನನ್ನ ಹಗ್ಗ ಕಳುವಾಗ್ಯಾದ."

"ಎತ್ತಿಂದೇನ್ರಿ?" ಎಂದ ಜವಾನ ಭರಮಪ್ಪ.

ಸಾಹೇಬರು ಅವನನ್ನು ನುಂಗುವಂತೆ ನೋಡಿದರು. ಹೆಸರು ಗುರುನಾಥರಾವ್, ಕಲಬುರ್ಗಿಯವರು, ಹೊಳೆಯ ಸರ್ವೆಗೆ ಬಂದ ಇಂಜಿನಿಯರ್. ಕಾಶ್ಮೀರದಲ್ಲಿ ಬರ್ಫದ ಗೋಡೆಗಳನ್ನು ಏರಿ ಬಂದವರು. ಕೈಯಲ್ಲಿದ್ದದ್ದು ಆ ಬರ್ಫ ಕಡಿಯುವ ಕೊಡಲಿ. ಕನಕಗಿರಿಯಾಚೆ ಕರಡಿಗುಡ್ಡದ ನೆಟ್ಟನೆಯ ಬಂಡೆಯಲ್ಲಿ ಹೆಜ್ಜೇನು ಇಳಿಸುವ ಕೊಟ್ರಪ್ಪ ಅವರ ಕಣ್ಣಿಗೆ ಬಿದ್ದಿದ್ದ. ಅವನು ಆ ಬಂಡೆಯನ್ನು ಬುಡದಿಂದ ಏರಿ ತೋರಿಸಿದರೆ ಮುಂದಿನ ಚಳಿಗಾಲಕ್ಕೆ ಕಾಶ್ಮೀರಕ್ಕೆ ಕರೆದೊಯ್ಯುವುದೆಂದು ಮಾತಾಗಿತ್ತು. ಹಿಂದಿನ ದಿನ ಲಾರಿಯಲ್ಲಿ ಗುಡ್ಡ ಮುಟ್ಟಿ ಸಾಮಾನು ಇಳಿಸಿ ನೋಡಿದರೆ ಹಗ್ಗದ ಚೀಲವೇ ಇಲ್ಲ.

"ಯಾರ ಮ್ಯಾಲ ಸಂಶೇ ಅದ?" ಅಮೀನರು ಕೇಳಿದರು.

"ಡ್ರೈವರ್ ರಾಜಾಸಾಬನ ಮ್ಯಾಲ. ನಾ ಈ ವಾರ ಹೈದರಾಬಾದಿಗೆ ಹೊಂಟೀನಿ. ಅಷ್ಟರಾಗ ಹಗ್ಗ ಸಿಕ್ಕರ ಕೊಟ್ರಪ್ಪ ಏರತಾನ. ಇಲ್ಲಂದ್ರ ಎಲ್ಲಾ ಮಣ್ಣುಪಾಲು."

ಎಫ್.ಐ.ಆರ್. ಉರ್ದುವಿನಲ್ಲಿ ದಾಖಲಾಯಿತು. ಬರ್ಫ ಎಂದರೆ ಕಲ್ಲಾದ ನೀರು ಎಂದು, ಬರೆದುಕೊಳ್ಳುತ್ತಿದ್ದ ಮುನ್ಶಿ ವಿವರಿಸಿದಾಗ ಭರಮಪ್ಪ ನಂಬಲಿಲ್ಲ, ಮೇಲಿನವರೊಡನೆ ವಾದ ಬೇಡವೆಂದು ಸುಮ್ಮನಾದ.

ಅದೇ ಲಾರಿಯಲ್ಲಿ, ಅದೇ ರಾಜಾಸಾಬನನ್ನೇ ಸ್ಟೇರಿಂಗ್ ಮುಂದೆ ಕೂರಿಸಿ ಅಮೀನರು, ಇಂಜಿನಿಯರರು, ಭರಮಪ್ಪ ಹೊರಟರು. ಯುದ್ಧದ ಕಾಲ, ಪೆಟ್ರೋಲಿಲ್ಲ. ಇದ್ದಿಲ ಹೊಗೆಯ ಮೇಲೆ ಓಡುವ ಲಾರಿ ಏರು ಬಂದರೆ ಮುದುಕನಂತೆ ಏದುಸಿರು ಬಿಡುತ್ತಿತ್ತು. ಕರಡಿಗುಡ್ಡದ ಹಾದಿಯ ಏರಿನಲ್ಲಿ ಒಂದು ಕಡೆ ಬಂಡೆ, ಇನ್ನೊಂದು ಕಡೆ ಕೊಳ್ಳ. ಅಲ್ಲಿ ರಾಜಾಸಾಬ ಗಾಡಿ ನಿಲ್ಲಿಸಿ ತೋರಿಸಿದ.

"ನಿನ್ನಿ ಇಲ್ಲೇ ಎಲ್ಲಾರೂ ಇಳದಿದ್ರು, ಸಾಹೇಬ್ರ. ಇಂಜಿನಿಯರ್ ಸಾಹೇಬ್ರು, ಕೊಟ್ರಪ್ಪ ಮುಂದ ಹಾದ್ಯಾಗಿನ ಕಲ್ಲು ತಗೀತಿದ್ರು. ಕಳಕಪ್ಪ ಹಿಂದಿದ್ದ, ಗಾಲಿಗೆ ಕಲ್ಲು ಕೊಡಾಕ."

"ಕಳಕಪ್ಪ ಯಾರು?"

"ಕೊಟ್ರಪ್ಪನ ಹೆಂಡ್ತಿ ಪಂಪಮ್ಮನ ಅಣ್ಣ. ಗಾಡಿ ಹಿಂದ ಜಾರಿ ಒಂದು ಗಾಲಿ ಕೊಳ್ಳದ ಅಂಚಿಗೆ ಹೋಗಿತ್ರಿ. ಅಂವ ಓಡಿಬಂದು ಕಲ್ಲು ಕೊಟ್ಟ. ಇಲ್ಲಂದ್ರ ಇವತ್ತು ನಾ ನಿಮ್ಮ ಮುಂದ ಇರತಿರಲಿಲ್ಲ."

ಇಂಥ ಜಾಗದಲ್ಲಿ ಸ್ಟೇರಿಂಗ್ ಬಿಟ್ಟು ಚೀಲ ಕದಿಯುವಷ್ಟು ತಲೆಕೆಟ್ಟವನು ರಾಜಾಸಾಬನಲ್ಲ ಎಂದು ಅಮೀನರಿಗೆ ಅಲ್ಲೇ ಖಾತ್ರಿಯಾಯಿತು. ಹುಡುಕಲು ಭರಮಪ್ಪನನ್ನು ಕೊಳ್ಳಕ್ಕೆ ಇಳಿಸಿದರು. ಚೀಲ ಮುಳ್ಳುಕಂಟಿಯಲ್ಲಿ ಸಿಕ್ಕಿತು. ಬಂಡೆಗೆ ಬಡಿದು ಹಗ್ಗ ಕಟ್ಟಲು ತಂದಿದ್ದ ಕಬ್ಬಿಣದ ಗೂಟಗಳು ದಿಕ್ಕಿಗೊಂದು ಬಿದ್ದಿದ್ದವು, ಯಾರೋ ಸಿಟ್ಟಿನಿಂದ ಬೀಸಿ ಒಗೆದಿದ್ದರು. ಹಗ್ಗ ಮಾತ್ರ ಇರಲಿಲ್ಲ.

ಅದು ಸಿಕ್ಕಿದ್ದು ರಸ್ತೆಯ ಮೇಲ್ಮಗ್ಗುಲಿನ ಬೇವಿನ ಮರದಲ್ಲಿ. ಅಚ್ಚುಕಟ್ಟಾಗಿ ಸುತ್ತಿ, ಒಂದೆಳೆಯೂ ನೆಲಕ್ಕೆ ತಾಗದಂತೆ, ಬಿಸಿಲು ಬೀಳದ ಕೊಂಬೆಗೆ ತೂಗುಹಾಕಿದ್ದರು.

ಊರಿನ ಇಬ್ಬರು ಪಂಚರನ್ನು ಕರೆಸಿ ಪಂಚನಾಮೆ ಬರೆಸುತ್ತಿರುವಾಗ ಕೊಟ್ರಪ್ಪ, ಪಂಪಮ್ಮ, ಕಳಕಪ್ಪ ಮೂವರೂ ಬಂದರು. ಹಗ್ಗ ಕಂಡು ಇಂಜಿನಿಯರರ ಮುಖ ಅರಳಿತು, ಪಂಪಮ್ಮನ ಮುಖ ಬಾಡಿತು.

"ಹಂಗಾರ ಇವರು ಏರೂದು ಖರೇ ಏನ್ರಿ?" ಎಂದಳು ಗಂಡನ ಕಡೆ ನೋಡುತ್ತ. ಅಮೀನರಿಗೆ ಆ ಹೆಣ್ಣುಮಗಳ ಮುಖ ನೋಡಲಾಗಲಿಲ್ಲ.

ಅವರು ಕೊಟ್ರಪ್ಪನ ಕಡೆ ತಿರುಗಿದರು. "ಮನ್ಯಾಗ ಜೇನಿನ ಹಗ್ಗ ಎಲ್ಲಿ ಇಡತಿ?"

"ಜಂತಿಗೆ ತೂಗ ಹಾಕತೀವ್ರಿ."

"ನೆಲಕ್ಕ ಯಾಕ ಇಡಂಗಿಲ್ಲ?"

"ಜೀವ ಹಿಡಿಯೂ ವಸ್ತುರೀ ಅದು. ನೆಲಕ್ಕ ಇಟ್ರ ಯಾರರ ದಾಟತಾರ. ದಾಟಿದ ಹಗ್ಗದ ಮ್ಯಾಲೆ ನಾವು ಇಳಿಯಂಗಿಲ್ಲ."

ಬೇರೆ ಕಳ್ಳನಾಗಿದ್ದರೆ ಗೂಟದ ಜೊತೆ ಹಗ್ಗವನ್ನೂ ಕೊಳ್ಳಕ್ಕೆ ಒಗೆದು ಕೈತೊಳೆದುಕೊಳ್ಳುತ್ತಿದ್ದ. ಈ ಕಳ್ಳನ ಕೈಗೆ ಅದು ಸಾಧ್ಯವಾಗಿರಲಿಲ್ಲ. ಹಾಗೆ ಹಗ್ಗ ಇಡುವವರು ಲಾರಿಯಲ್ಲಿ ಇಬ್ಬರೇ ಇದ್ದರು. ಕೊಟ್ರಪ್ಪ ಇಂಜಿನಿಯರರ ಕಣ್ಣೆದುರಿಗೇ ಮುಂದಿದ್ದ.

"ಕಳಕಪ್ಪ, ಗಾಡಿ ಹಿಂದ ಯಾರಿದ್ರು?"

"ನಾನ್ರಿ."

"ನೀನೊಬ್ಬನೇ?"

"ಹೂನ್ರಿ." ಅವನು ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡ. "ನಾನ ತಗದೀನ್ರಿ. ರಾಜಾಸಾಬಂದೇನೂ ತಪ್ಪಿಲ್ಲ."

ಇಂಜಿನಿಯರರು ಸಿಡಿದರು. "ಯಾಕೋ? ಅಷ್ಟು ಗಟ್ಟಿ ಹಗ್ಗ ಈ ಸೀಮ್ಯಾಗ ಎಲ್ಲೂ ಇಲ್ಲ!"

"ಹಗ್ಗ ಛಲೋ ಐತ್ರಿ. ಹಗ್ಗದ್ದು ಮಾತಲ್ಲ." ಕಳಕಪ್ಪ ಅಮೀನರಿಗೇ ಹೇಳಿದ. "ನಮ್ಮಾಗ ಬಂಡೆಗೆ ಇಳಿಯಾಂವನ ಹಗ್ಗ ಮ್ಯಾಲೆ ಕುಂತು ಹಿಡಿಯಾಂವ ಹೆಂಡ್ತಿ ಅಣ್ಣತಮ್ಮನ ಆಗಬೇಕ್ರಿ. ಸ್ವಂತ ಅಣ್ಣತಮ್ಮಂದಿರ ಕೈಯಾಗೂ ಕೊಡಂಗಿಲ್ಲ, ಹೊಲಮನಿ ಆಸೆ ಯಾರಿಗೆ ಇರಂಗಿಲ್ಲ? ಹೆಂಡ್ತಿ ಅಣ್ಣ ಬಿಡಂಗಿಲ್ಲ. ಬಿಟ್ರ ರಂಡಿಮುಂಡಿ ಆಗಾಕಿ ಅವನ ತಂಗಿ. ಪಂಪಿ ಲಗ್ನ ಆದಾಗಿಂದ ಇವನ ಹಗ್ಗ ನಾನ ಹಿಡದೀನಿ. ಈ ಸಾಹೇಬ್ರು, ನೀ ಬ್ಯಾಡ, ಗೂಟಕ್ಕ ಕಟ್ಟತೀವಿ ಅಂದ್ರು."

ಅವನು ಪಂಚರ ಮುಂದಿದ್ದ ಗೂಟವೊಂದನ್ನು ಎತ್ತಿ ತೋರಿಸಿದ.

"ಗೂಟಕ್ಕ ತಂಗಿ ಇರತಾಳೇನ್ರಿ, ಸಾಹೇಬ್ರ?"

ಪಂಪಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಇಂಜಿನಿಯರರು ತಮ್ಮ ಬೂಟು ನೋಡಿಕೊಂಡರು. ಆಮೇಲೆ ಫಿರ್ಯಾದು ವಾಪಸು ತಗೊಳ್ಳತೀನಿ ಎಂದರು.

"ಅದು ಅದಾಲತ್ತಿನ್ಯಾಗ ಹೇಳ್ರಿ. ಬರದದ್ದು ನಾ ಅಳಸಾಕ ಬರಂಗಿಲ್ಲ," ಎಂದ ಅಮೀನರು ಕಳಕಪ್ಪನನ್ನು ಕೈದು ಮಾಡಿದರು. ಬೇಡಿ ಹಾಕಲಿಲ್ಲ. ಇಳಿಜಾರಿನಲ್ಲಿ ಲಾರಿಯ ಗಾಲಿಗೆ ಕಲ್ಲು ಕೊಡಲು ಅವನ ಕೈಗಳೇ ಬೇಕಾಗಿದ್ದವು.

ಹೊರಡುವ ಮುಂಚೆ ಇಂಜಿನಿಯರರು ಕೊಟ್ರಪ್ಪನನ್ನು ಮೆಲ್ಲಗೆ ಕೇಳಿದರು. "ನಿಮ್ಮ ಹಳೀ ಹಗ್ಗದ ಮ್ಯಾಲಾದರೂ ಒಮ್ಮೆ ಏರಿ ತೋರಸ್ತೀ?"

"ಹಿಡಿಯಾಂವ ನಿಮ್ಮ ಲಾರ್ಯಾಗ ಕುಂತಾನಲ್ರಿ," ಎಂದ ಕೊಟ್ರಪ್ಪ. ಅಷ್ಟು ಹೇಳಿ ಅವನೂ ಲಾರಿ ಹತ್ತಿದ, ಜಾಮೀನಿಗೆ.

ಠಾಣೆಗೆ ಬಂದಾಗ ಸಂಜೆಯಾಗಿತ್ತು. ಭರಮಪ್ಪ ಮುದ್ದೇಮಾಲಿನ ಚೀಟಿ ಅಂಟಿಸಿ ಹಗ್ಗವನ್ನು ಮೂಲೆಯಲ್ಲಿ ಕೆಳಗಿಡಲು ಬಗ್ಗಿದ. ಕಂಬಿಯ ಹಿಂದಿನಿಂದ ಕಳಕಪ್ಪ ತಟ್ಟನೆ ಎದ್ದು ನಿಂತ.

ಯಮನೂರಸಾಬ ಗೋಡೆಯ ಗೂಟದಿಂದ ತಮ್ಮ ಕೋಟು ತೆಗೆದು ಹೆಗಲಿಗೆ ಹಾಕಿಕೊಂಡರು.

"ನೆಲಕ್ಕ ಬ್ಯಾಡೋ, ಭರಮಪ್ಪ," ಎಂದರು. "ಅಲ್ಲಿ ತೂಗಹಾಕು."