ಕಾಣೆಯಾದವಳು ಮತ್ತೆ ಕಾಣೆ

ಬೆಳಿಗ್ಗೆ ಹತ್ತೂಕಾಲಿಗೆ ದರ್ಜಿ ಅಮ್ಮ ಠಾಣೆಗೆ ಬಂದಳು. ಕಾಣೆಯಾದ ಮಗಳ ಸುದ್ದಿ ಕೇಳಲು ತಿಂಗಳಿಗೊಮ್ಮೆ ಬರುವವಳು, ಈ ಸಲ ಠಾಣೆಯ ಮೇಲೇ ದೂರು ತಂದಿದ್ದಳು.

“ಒಂಬತ್ತು ವರ್ಷದಿಂದ ಮಗಳು ಕಾಣ್ತಿಲ್ಲ. ಈಗ ನಿಮ್ಮ ಕಂಪ್ಯೂಟರಲ್ಲೂ ಕಾಣ್ತಿಲ್ವಂತೆ. ಬರ್ಕೊಳ್ಳಿ.”

ಹೊಸದಾಗಿ ಬಂದಿದ್ದ ಇನ್‌ಸ್ಪೆಕ್ಟರಮ್ಮ ಬರೆದುಕೊಂಡು ಎಫ್‌ಐಆರ್ ದಾಖಲಿಸಿದಳು. ಕಂಪ್ಯೂಟರ್ ನೋಡಿಕೊಳ್ಳುವ ಕಾನ್‌ಸ್ಟೆಬಲ್‌ನನ್ನು ಕರೆಸಿದಳು. ಠಾಣೆಯಲ್ಲಿ ಎಲ್ಲರ ಬಾಯಲ್ಲೂ ಅವನು ಮೌಸಪ್ಪ.

“ಡೇಟಾಬೇಸ್ ತುಂಬಿ ತುಳುಕ್ತಿತ್ತು ಮೇಡಂ. ಹಳೆಯವನ್ನ ತೆಗೆದ್ರೇನೇ ಹೊಸದಕ್ಕೆ ಜಾಗ.”

ಇಬ್ಬರು ಪಂಚರ ಎದುರು ಪಂಚನಾಮೆ ನಡೆಯಿತು. ಹೊರಗಿನಿಂದ ಬಂದ ತಂತ್ರಜ್ಞ ಪರದೆಗೆ ಮೂಗು ತಾಗಿಸಿ ಕೂತ.

“ಎಷ್ಟು ದಾಖಲೆ ಹಿಡಿಯುತ್ತೆ ಇದು?”

“ಎಣಿಕೆಗೆ ಮಿತಿ ಇಲ್ಲ ಮೇಡಂ. ಫೈಲಿನ ಗಾತ್ರ ಎರಡು ಜಿಬಿ ದಾಟಬಾರದು, ಅಷ್ಟೇ. ಇದು ಕಾಲು ಭಾಗನೂ ತುಂಬಿಲ್ಲ. ಇಡೀ ಊರನ್ನೇ ತಂದು ಕೂರಿಸಬಹುದು.”

ಇನ್‌ಸ್ಪೆಕ್ಟರಮ್ಮ ತಾನೇ ಕೂತು ಒಂದೊಂದಾಗಿ ನೋಡಿದಳು. ಹನ್ನೆರಡು ವರ್ಷ ಹಿಂದೆ ಕಾಣೆಯಾದವರೂ ಇದ್ದರು. ನಡುವೆ ಒಂದೇ ಒಂದು ಕ್ರಮಸಂಖ್ಯೆ, ಉದುರಿದ ಹಲ್ಲಿನಂತೆ, ಇರಲಿಲ್ಲ.

ಅಷ್ಟರಲ್ಲಿ ಮೇಲಧಿಕಾರಿಯ ಫೋನು.

“ಮನೆ ವಿಷಯ ಬೀದಿಗೆ ಯಾಕಮ್ಮ? ಮತ್ತೆ ಟೈಪ್ ಮಾಡಿಸಿ ಮುಗಿಸು.”

“ಎಫ್‌ಐಆರ್ ಆಗಿದೆ ಸರ್. ಅದನ್ನೂ ಅಳಿಸಲಾ?”

ಆ ಕಡೆ ಫೋನು ಕುಕ್ಕಿದ ಸದ್ದಾಯಿತು. ಅವಳು ಮೌಸಪ್ಪನತ್ತ ತಿರುಗಿದಳು.

“ಇದಕ್ಕಿಂತ ಹಳೆಯವು ಹೇಗೆ ಉಳಿದ್ವು?”

ಅವನು ಮೌಸಿನ ತಂತಿ ಸುತ್ತತೊಡಗಿದ.

“ಯಾರಾದ್ರೂ ದುಡ್ಡು ಕೊಟ್ರಾ?”

“ಛೇ, ಇಲ್ಲ ಮೇಡಂ. ಈ ಅಮ್ಮ ಪ್ರತಿ ತಿಂಗಳು ಬಂದು ಎದುರಿಗೆ ನಿಲ್ತಾರೆ. ಇಲ್ಲ, ಇಲ್ಲ ಅಂದು ಅಂದು ನಾಲಿಗೆ ಸೋತುಹೋಗಿತ್ತು. ದಾಖಲೆನೇ ಇಲ್ಲ ಅಂದ್ರೆ ಆಸೆ ಬಿಡ್ತಾರೆ ಅಂದ್ಕೊಂಡೆ.”

ಸಂಜೆ ನಾಲ್ಕಕ್ಕೆ ಅವನನ್ನು ಬಂಧಿಸಲಾಯಿತು. ಬೆಂಚಿನ ಮೇಲೆ ಕೂತು ಎಲ್ಲ ಕೇಳಿಸಿಕೊಂಡಿದ್ದ ದರ್ಜಿ ಅಮ್ಮ ಎದ್ದು ಅವನಿಗೆ ಅಡ್ಡ ನಿಂತಳು.

“ನಿನಗೆ ಹೇಳೋಕೆ ಕಷ್ಟ ಆದ್ರೆ ಬೇರೆಯವರನ್ನ ಕೇಳ್ತೀನಪ್ಪಾ. ಬರೋದು ಮಾತ್ರ ಬಿಡಲ್ಲ.”

ಅವನಿಗೆ ದ್ವೇಷವಿರಲಿಲ್ಲ, ಲಾಭವೂ ಇರಲಿಲ್ಲ. ಆ ತಾಯಿಯ ಮುಖ ನೋಡುವ ಧೈರ್ಯ ಮುಗಿದಿತ್ತು, ಅಷ್ಟೇ.

ಇನ್‌ಸ್ಪೆಕ್ಟರಮ್ಮ ಕೀಬೋರ್ಡ್ ಎಳೆದುಕೊಂಡಳು.

“ಮಗಳ ಗುರುತು ಹೇಳಿ ಅಮ್ಮ.”

“ಎಡಹುಬ್ಬಿನ ಮೇಲೆ ಗಾಯದ ಕಲೆ. ಕೋಪ ಬಂದ್ರೆ ಕೆಂಪಾಗುತ್ತೆ. ಅಷ್ಟೆಲ್ಲ ಹಿಡಿಯುತ್ತಾ ಅದರಲ್ಲಿ?”

“ಹೇಳಿ. ಜಾಗ ಬೇಕಾದಷ್ಟಿದೆ.”